ಬಚ್ಚಲಿಗೆ ಚಿಲಕ ಬ್ಯಾರೆ

ಮನೆಗೆ ಒಂದು ಕಲ್ಲು ಇಡಿಸಿದವರಿಗೆಲ್ಲ ಇಂಥದ್ದು ಆಗಿಯೇ ಇರುತ್ತದೆ, ಹೇಳಿಕೊಳ್ಳಲು ನಾಚುತ್ತಾರೆ ಅಷ್ಟೇ. ನನಗೆ ನಾಚಿಕೆಗಿಂತ ಸಿಟ್ಟು ಜಾಸ್ತಿ. ಅದಕ್ಕೇ ಹೇಳುತ್ತೇನೆ.

ವಾಡಿ ಜಂಕ್ಷನ್ನಿನಲ್ಲಿ ಖಡಕ್ ರೊಟ್ಟಿ ಬಡಿದು ಮಾರಿ, ಯಾರ ಮುಂದೆಯೂ ಕೈ ಒಡ್ಡದೆ ಎರಡು ಕೋಣೆಯ ಮನೆ ಕೊಂಡವಳು ನಾನು. ಓದು ಕಲಿತದ್ದು ಸ್ಟೇಷನ್ ಬೋರ್ಡಿನಿಂದ ಮತ್ತು ರೊಟ್ಟಿ ಕಟ್ಟುವ ಹಳೇ ಪೇಪರಿನಿಂದ. ಹೀಗಾಗಿ ಬಾಯಿಮಾತಿಗಿಂತ ಬರೆದದ್ದನ್ನು ಹೆಚ್ಚು ನಂಬುತ್ತೇನೆ. ಆ ಮನೆಗೆ ಬಚ್ಚಲು ಮಾತ್ರ ಇರಲಿಲ್ಲ. ಇಪ್ಪತ್ತೆರಡು ವರ್ಷ ಹಿತ್ತಲಲ್ಲಿ ಹಳೇ ಸೀರೆ ಕಟ್ಟಿಕೊಂಡು, ಗಾಳಿ ಬಿಟ್ಟಾಗ ಒಂದು ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು ಸ್ನಾನ ಮಾಡಿದ್ದೇನೆ. ಹಿತ್ತಲ ಹಿಂದಿನ ಹಳಿಯ ಮೇಲೆ ಗೂಡ್ಸ್ ಗಾಡಿ ಬಂದರೆ ಗಾರ್ಡ್ ಡಬ್ಬಿ ದಾಟುವ ತನಕ ಮೈಯೆಲ್ಲ ಸೋಪು ಹಚ್ಚಿಕೊಂಡು ಸುಮ್ಮನೆ ಕೂತಿರಬೇಕು.

ಈ ದೀಪಾವಳಿಯ ಎಣ್ಣೆ ಸ್ನಾನವನ್ನು ಒಳಗಿನಿಂದ ಚಿಲಕ ಹಾಕಿಕೊಂಡೇ ಮಾಡುವುದು ಎಂದು ಹಟ ಹಿಡಿದೆ. ಪಕ್ಕದ ಮನೆಯ ಟೀಚರಿಗೂ ಹೇಳಿಬಿಟ್ಟೆ. ಇನ್ನು ಹಿಂದೆ ಸರಿಯುವ ಮಾತೇ ಇಲ್ಲ.

೧. ಗೋಡೆ ಮೇಲಿನ ಹಿಸಾಬು

ಸೇಡಂ ಕಡೆಯಿಂದ ಒಬ್ಬ ಮೇಸ್ತ್ರಿ ಬಂದ. ಹಿತ್ತಲು ನೋಡಿದ, ಹೆಜ್ಜೆ ಹಾಕಿ ಅಳೆದ, ನನ್ನ ಒಲೆಯಿಂದಲೇ ಒಂದು ಇದ್ದಿಲು ತೆಗೆದುಕೊಂಡು ಹಿತ್ತಲ ಮೋಟು ಗೋಡೆಯ ಮೇಲೆ ಖರ್ಚಿನ ಪಟ್ಟಿ ಬರೆದ. ಮರಳು, ಸಿಮೆಂಟು, ಕೂಲಿ, ಕೆಳಗೆ ಒಟ್ಟು ಮೊತ್ತ.

“ಹಾಳಿ ಮ್ಯಾಲೆ ಬರದು ಕೊಡು” ಎಂದೆ.

“ಹಾಳಿ ಹರೀತದ ಅಕ್ಕ. ಗೋಡಿ ಹರೀತದೇನು?”

ಮಾತು ಸರಿ ಅನ್ನಿಸಿತು. ಎರಡು ಸಲ ಗಟ್ಟಿಯಾಗಿ ಓದಿ, ಕೂಡಿಸಿ ನೋಡಿ, ಮುಂಗಡ ಕೊಟ್ಟೆ. ಮರುದಿನ ಸ್ಟೇಷನ್ ಕ್ಯಾಂಟೀನಿಗೆ ರೊಟ್ಟಿ ಕೊಟ್ಟು ಬರುವುದರೊಳಗೆ ಹಿತ್ತಲು ಬಟಾಬಯಲಾಗಿತ್ತು. ಬಚ್ಚಲು ಬರಬೇಕಾದದ್ದೇ ಆ ಗೋಡೆಯ ಜಾಗದಲ್ಲಿ! ಮೊದಲು ಕೆಡವಿದ್ದು ಅದನ್ನೇ.

“ಹಿಸಾಬ್ ಎಲ್ಲೋ?”

ಅವನು ಮಣ್ಣಿನ ಗುಂಪಿ ತೋರಿಸಿದ. “ಅಲ್ಲೇ ಅದ ಅಕ್ಕ. ಹುಡುಕಿದ್ರ ಸಿಗ್ತದ.”

ನಾನು ಬಿಡುವವಳೇ? ಸೆರಗು ಕಟ್ಟಿ ಕೂತು ಒಂದೊಂದೇ ಕಲ್ಲು ಹೊರಳಿಸಿದೆ. ‘ಮರಳು’ ಎಂದು ಬರೆದಿದ್ದ ಗಿಲಾವಿನ ತುಣುಕೊಂದು ಸಿಕ್ಕಿತು. ಮೊತ್ತ ಸಿಗಲಿಲ್ಲ.

“ಮೊತ್ತ ಮೊದಲನೇ ಟ್ರ್ಯಾಕ್ಟರಿನಾಗ ಹೋತು ಅಕ್ಕ” ಎಂದ. “ಟ್ರ್ಯಾಕ್ಟರ್ ಬಾಡಿಗಿ ಬ್ಯಾರೆ.”

೨. ಪೂರ್ತಿ ಅಂದರೆ

ಎರಡನೇ ಸಲ ಅವನಿಗೆ ನಾನೇ ಹಾಳೆ, ಪೆನ್ನು ಕೊಟ್ಟು ಎದುರಿಗೆ ಕೂಡಿಸಿಕೊಂಡು ಬರೆಸಿದೆ. ‘ಬಚ್ಚಲು ಒಂದು, ಪೂರ್ತಿ’ ಎಂದು ಬರೆದು, ಮೊತ್ತ ಹಾಕಿ ಸಹಿ ಮಾಡಿದ. ಹಾಳೆಯನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟೆ. ಗೋಡೆ ಎದೆಮಟ್ಟ ಬಂದಾಗ ಶುರುವಾಯಿತು ನೋಡಿ.

“ಬಾಗಿಲ ಬ್ಯಾರೆ ಅಕ್ಕ.”

“ಬಾಗಿಲ ಇಲ್ಲದ ಬಚ್ಚಲ ಯಾವ ಊರಾಗ ಅದನೋ?”

“ಚೌಕಟ್ಟ ಬ್ಯಾರೆ. ನಳ ಬ್ಯಾರೆ. ಚಿಲಕ ಅಂತೂ ಬ್ಯಾರೇನೇ.”

ಡಬ್ಬಿ ತೆಗೆದು, ಹಿಟ್ಟು ಝಾಡಿಸಿ, ಹಾಳೆಯನ್ನು ಅವನ ಮೂಗಿಗೆ ಹಿಡಿದೆ. “ಪೂರ್ತಿ ಅಂತ ನೀನೇ ಬರದೀದಿ! ನಾ ಗಿರಾಕಿಗೆ ರೊಟ್ಟಿ ಕೊಡುವಾಗ ಹಿಟ್ಟ ಬ್ಯಾರೆ, ಬೆಂಕಿ ಬ್ಯಾರೆ, ನೀರ ಬ್ಯಾರೆ ಅಂತೀನೇನು?”

ಮೇಸ್ತ್ರಿ ಕರಣಿ ಕೆಳಗಿಟ್ಟ. ನನ್ನ ಮುಖವನ್ನು ಭಾಳ ಕನಿಕರದಿಂದ ನೋಡಿದ.

“ಅನ್ನಂಗಿಲ್ಲ ಅಕ್ಕ. ಅದಕ್ಕೇ ಇಪ್ಪತ್ತೆರಡು ವರ್ಷ ಸೀರಿ ಕಟ್ಟಿಕೊಂಡು ಜಳಕ ಮಾಡೀರಿ.”

೩. ಲಕ್ಷ ವರ್ಷದ ಕಲ್ಲು

ನೆಲದ ಫರ್ಸಿ ಕಲ್ಲನ್ನಾದರೂ ನಾನೇ ತರುತ್ತೇನೆಂದು ಶಹಾಬಾದಿಗೆ ಹೋದೆ. ವಾಡಿಯಲ್ಲಿ ರೈಲು ಹತ್ತಿದರೆ ಸೀಟು ಬೆಚ್ಚಗಾಗುವುದರೊಳಗೆ ಬರುವ ಊರು. ನಮ್ಮ ನೆಲದ ಕಲ್ಲು, ಕಾಲ ಕೆಳಗಿನ ಕಲ್ಲು. ರೇಟು ಕೇಳಿದರೆ ಹೋದ ತಿಂಗಳು ಟೀಚರ್ ತಂದದ್ದಕ್ಕಿಂತ ಎಷ್ಟೋ ಹೆಚ್ಚು.

ಅಂಗಡಿಯವನನ್ನು ಕೇಳಿದೆ. “ಈ ಕಲ್ಲು ಭೂಮಿಯೊಳಗ ಎಷ್ಟು ವರ್ಷದಿಂದ ಅದ?”

“ಲಕ್ಷಗಟ್ಟಲೆ ಇರಬೇಕ್ರಿ.”

“ಲಕ್ಷ ವರ್ಷ ಸುಮ್ಮನ ಮಲಗಿದ್ದು, ಒಂದೇ ತಿಂಗಳಾಗ ಯಾಕ ತುಟ್ಟಿ ಆತು?”

“ಮಲಗಿದಾಗ ಏನೂ ಖರ್ಚಿಲ್ಲ ಅಕ್ಕಾರ. ಎಬ್ಬಿಸಾಕೇ ಡೀಸೆಲ್ ಬೇಕು.”

ಬಯ್ಯುತ್ತಲೇ ಕೊಂಡೆ. ಅಲ್ಲೇ ಮೂಲೆಯಲ್ಲಿ ಒಬ್ಬಾತ ಉಳಿ ಹಿಡಿದು ಯಾರದೋ ಮನೆಯ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತಿದ್ದ. ನೋಡುತ್ತಿದ್ದಂತೆ ನನಗೆ ಹೊಳೆಯಿತು: ಗೋಡೆ ಬೀಳುತ್ತದೆ, ಹಾಳೆಗೆ ಬೆಲೆ ಇಲ್ಲ, ಕಲ್ಲಿಗೆ ಯಾರೇನು ಮಾಡುತ್ತಾರೆ?

ಪಾಲಿಶ್ ಮಾಡಿದ ಒಂದು ಫರ್ಸಿ ಆರಿಸಿ ಬರೆಸಿದೆ. ಬಚ್ಚಲು ಒಂದು. ಗೋಡೆ, ನೆಲ, ನಲ್ಲಿ, ಬಾಗಿಲು, ಚಿಲಕ ಎಲ್ಲ ಸೇರಿ. ಅದರ ಕೆಳಗೆ ಮೊತ್ತ. ಕೊನೆಯ ಸಾಲಿನಲ್ಲಿ ದೊಡ್ಡದಾಗಿ: ಬ್ಯಾರೆ ಏನೂ ಇಲ್ಲ.

ಕೆತ್ತುವವನು ಬೆರಳಿಟ್ಟು ಎಣಿಸಿದ. “ಅಕ್ಷರಕ್ಕ ಇಷ್ಟು ಅಂತ ರೇಟ್ ಅದ ಅಕ್ಕಾರ” ಎಂದ. “ಒತ್ತಕ್ಷರಕ್ಕ ಬ್ಯಾರೆ.”

೪. ಶಾಸನ

ಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ ಮೇಸ್ತ್ರಿಯನ್ನು ಕರೆದೆ. ಟೀಚರ್ ಕಾಂಪೌಂಡಿನಿಂದ ಇಣುಕಿ, “ಏನಕ್ಕ, ಬಚ್ಚಲಿಗೆ ಶಾಸನ ಹಾಕಿಸ್ಲಿಕತ್ತೀರಿ?” ಎಂದು ನಕ್ಕರು. ಮೇಸ್ತ್ರಿ ನಗಲಿಲ್ಲ. ಪೂರ್ತಿ ಓದಿದ, ಕೈ ಮುಗಿದ. ನಾನು ಅವನ ಕೈಯಿಂದಲೇ ಕಲ್ಲಿನ ಮುಂದೆ ಕಾಯಿ ಒಡೆಸಿದೆ. ಅಂದಿನಿಂದ ‘ಬ್ಯಾರೆ’ ಅನ್ನುವ ಮಾತೇ ಅವನ ಬಾಯಿಂದ ಬರಲಿಲ್ಲ. ಬಾಗಿಲು ಬಂತು. ಚಿಲಕವೂ ಬಂತು.

ಹಬ್ಬಕ್ಕೆ ಎರಡು ದಿನ ಇರುವಾಗ, ನೆಲ ಹಾಸುವ ಕೆಲಸ ಅವನಿಗೆ ಒಪ್ಪಿಸಿ ಸನ್ನತಿಗೆ ಹೋದೆ. ದೇವಿಗೆ ಉಡಿ ತುಂಬಿ ಕಟ್ಟೆಯ ಮೇಲೆ ಕೂತಾಗ ಅಲ್ಲಿದ್ದ ಮುದುಕರೊಬ್ಬರು ಊರಿನ ಕತೆ ತೆಗೆದರು. ಹಿಂದೆ ರಾಜನೊಬ್ಬ ತನ್ನ ಅಪ್ಪಣೆಯನ್ನು ಇಲ್ಲಿ ಕಲ್ಲಿನ ಮೇಲೆ ಬರೆಸಿದ್ದನಂತೆ. ಆಮೇಲಿನವರು ಅದೇ ಕಲ್ಲಿನ ನಡುವೆ ತೂತು ಕೊರೆದು, ಮೂರ್ತಿಗೆ ಪೀಠ ಮಾಡಿದರಂತೆ. ಪೀಠ ತೆಗೆದಾಗಲೇ ಅಕ್ಷರ ಕಂಡದ್ದು.

ನನಗೆ ಮೈ ಉರಿಯಿತು. “ಬರದದ್ದರ ಮ್ಯಾಲೆ ತೂತು? ಯಾವ ಮೇಸ್ತ್ರಿರೀ ಅವ?”

“ಅಳತಿ ಸರಿ ಕುಂತಿರಬೇಕವ್ವ” ಎಂದರು ಮುದುಕರು.

ಸಂಜೆ ಮನೆಗೆ ಬಂದೆ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಗಳದಲ್ಲಿ ನನ್ನ ಕಲ್ಲು ಇರಲಿಲ್ಲ. ಬಚ್ಚಲೊಳಗೆ ಬಗ್ಗಿ ನೋಡಿದರೆ, ಮೂಲೆಯಲ್ಲಿ ನನ್ನ ಶಾಸನ! ನೀರು ಹೋಗಲು ಅದರಲ್ಲೇ ಗುಂಡಗೆ ತೂತು ಕೊರೆದಿದ್ದ. ಕೊನೆಯ ಸಾಲಿನ ‘ಏನೂ ಇಲ್ಲ’ ತೂತಿನ ಪಾಲಾಗಿತ್ತು. ಉಳಿದದ್ದು ‘ಬ್ಯಾರೆ’ ಒಂದೇ.

“ಒಂದು ಫರ್ಸಿ ಒಡೀತು ಅಕ್ಕ. ಹೊಸಾದು ತಂದ್ರ ನಿಮಗ ಬ್ಯಾರೆ ಖರ್ಚು ಬೀಳ್ತಿತ್ತು. ನಿಮ್ಮ ಕಲ್ಲಿನ ಮಾತು ಮೀರಬಾರದಲ್ಲ?”

“ಅಕ್ಷರ ಇರೋ ಮಕನಾದ್ರೂ ಕೆಳಗ ಮಾಡಬೇಕಿತ್ತೋ!”

“ಹಿಂದಿನ ಮಕ ಒರಟ ಅದ, ಕಾಲಿಗೆ ಚುಚ್ತದ. ಅಕ್ಷರ ಮ್ಯಾಲಿದ್ರ ಕಾಲು ಜಾರಂಗಿಲ್ಲ.” ತೂತಿನ ಕಡೆ ನೋಡಿ ಹೇಳಿದ: “ತೂತಿನ ಕೂಲಿ ಮಾತ್ರ...”

“ಬಾಯಿ ಮುಚ್ಚು!” ಎಂದು ಹೊರಗೆ ಅಟ್ಟಿದೆ.

ಹಬ್ಬದ ದಿನ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಒಳಗೆ ಹೋಗಿ ಚಿಲಕ ಹಾಕಿದೆ. ತೆಗೆದು ಮತ್ತೊಮ್ಮೆ ಹಾಕಿದೆ. ಹಳಿಯ ಮೇಲೆ ಗೂಡ್ಸ್ ಗಾಡಿ ಬಂತು. ಹೋಗಲಿ ಬಿಡು ಎಂದು ಎರಡೂ ಕೈಯಿಂದ ನೀರು ಹುಯ್ದುಕೊಂಡೆ. ಆಗ ಬಾಗಿಲ ಹೊರಗೆ ಕೆಮ್ಮಿದ ಸದ್ದು. ತೂತಿನ ಕೂಲಿ ಕೇಳಲು ಹಬ್ಬದ ದಿನವೇ ಬಂದಿದ್ದ ಮೇಸ್ತ್ರಿ.

“ಅಕ್ಕಾ, ನೀರು ಸರಿ ಹೋಗಾಕತ್ತದೇನು?”

ನೀರು ಸರಸರ ಹೋಗುತ್ತಿತ್ತು. ಒಳಗಿನಿಂದಲೇ ಕೂಗಿದೆ:

“ಕೇಳಾಕ ಏನೂ ಖರ್ಚಿಲ್ಲೋ ತಮ್ಮಾ. ಜವಾಬು ಬ್ಯಾರೆ!”