ಎಸಿ ಪೈಪು ಮತ್ತು ನನ್ನ ಹದಿನೆಂಟು ವರ್ಷಗಳ ಅನುಭವ

ಪೈಪಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಅಗತ್ಯವಿಲ್ಲ. ಕೊಲ್ಲಿ ನಾಡಿನಲ್ಲಿ, ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಕೂತು ಹದಿನೆಂಟು ವರ್ಷಗಳಿಂದ ಪೈಪು ಮಾರುತ್ತಿದ್ದೇನೆ. ಅರ್ಧ ಇಂಚಿನದರಿಂದ ಹಿಡಿದು ಆನೆಮರಿ ನುಗ್ಗುವಂಥದರವರೆಗೆ ಎಲ್ಲದರ ಅಳತೆಯೂ ಬಾಯಿಪಾಠ. ಕೈಯಿಂದ ಮುಟ್ಟಿದ್ದು ಮಾತ್ರ ಕಡಿಮೆ. ಸರಿಯಾಗಿ ಹೇಳಬೇಕೆಂದರೆ, ಮುಟ್ಟಿಯೇ ಇಲ್ಲ. ಕ್ಯಾಟಲಾಗಿನಲ್ಲಿ ನೋಡಿದ್ದೇನೆ.

ಹಾಗಾಗಿ ಆಗಸ್ಟಿನ ಆ ಶನಿವಾರ ಬೆಳಿಗ್ಗೆ ನಮ್ಮ ಹಾಲ್‌ನ ಸೀಲಿಂಗಿನಿಂದ ನೀರು ತೊಟ್ಟಿಕ್ಕತೊಡಗಿದಾಗ ಮನೆಯಲ್ಲಿ ಖುಷಿಯಾದದ್ದು ನನಗೊಬ್ಬನಿಗೇ.

ನಮ್ಮ ಫ್ಲ್ಯಾಟಿನ ಎಸಿ ಬಾತ್‌ರೂಮಿನ ಸೀಲಿಂಗಿನ ಮೇಲೆ ಅಡಗಿ ಕೂತಿದೆ. ಅದರ ಕೆಳಗೊಂದು ಟ್ರೇ, ಟ್ರೇಯ ನೀರು ಬಾಲ್ಕನಿಗೆ ಹೋಗಲು ಒಂದು ಸಣ್ಣ ಪೈಪು. ಪೈಪು ಕಟ್ಟಿಕೊಂಡರೆ ನೀರು ಹಾಲ್‌ಗೆ ಬರುತ್ತದೆ. ಅವತ್ತು ಬಂದದ್ದು ನೇರವಾಗಿ ಊಟದ ಮೇಜಿನ ಮೇಲೆ. ಹನ್ನೊಂದು ಗಂಟೆಗೆ ಅದೇ ಮೇಜಿನಲ್ಲಿ ನನ್ನ ಹೆಂಡತಿ ಶೋಭಾಳ ವಿಡಿಯೋ ಇಂಟರ್‌ವ್ಯೂ.

ಅವಳ ಹಳೆಯ ಕಂಪನಿ ಮುಚ್ಚಿ ಎರಡು ವರ್ಷವಾಗಿತ್ತು. ಹಾಕಿದ ಅರ್ಜಿಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಈ ಸಲ ಮಾತ್ರ ಒಂದು ಫರ್ನಿಚರ್ ಕಂಪನಿಯ ಗ್ರಾಹಕರ ದೂರು ವಿಭಾಗದಲ್ಲಿ ಕೊನೆಯ ಸುತ್ತಿನವರೆಗೆ ಬಂದಿದ್ದಳು. “ಇದೂ ತಪ್ಪಿದ್ರೆ ನಾನಿನ್ನು ಅರ್ಜಿ ಹಾಕುದಿಲ್ಲ” ಎಂದು ಹಿಂದಿನ ದಿನ ಹೇಳಿದ್ದಳು. ಅವಳು ಹಾಗೆಲ್ಲ ಸೋಲೊಪ್ಪುವವಳಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ವಾಚ್‌ಮನ್‌ಗೆ ಫೋನ್ ಮಾಡಿದೆ. ಅಲ್ ಕೂಜ್‌ನಿಂದ ಪ್ಲಂಬರ್ ಹನ್ನೆರಡಕ್ಕೆ ಬರುತ್ತಾನೆ, ಇನ್ಶಾ ಅಲ್ಲಾ ಎಂದ.

“ಸಾಕು” ಎಂದಳು ಶೋಭಾ. “ಎಸಿ ಬಂದ್ ಮಾಡಿ. ನಾನು ಸೋಫಾದಲ್ಲಿ ಕೂತ್ಕೊಳ್ತೇನೆ. ಒಂದು ಗಂಟೆ ಬೆವರಿದ್ರೆ ಸಾಯುದಿಲ್ಲ. ನೀವು ಮಾತ್ರ ಎಂತದೂ ಮಾಡ್ಲಿಕ್ಕೆ ಹೋಗ್ಬೇಡಿ.”

“ಹತ್ತು ನಿಮಿಷದ ಕೆಲಸ ಮಾರಾಯ್ತಿ.”

“ಅದಕ್ಕೇ ಹೇಳಿದ್ದು.”

ಅನುಭವಸ್ಥರನ್ನು ಮನೆಯವರು ಅರ್ಥ ಮಾಡಿಕೊಳ್ಳುವುದಿಲ್ಲ. ಏಣಿ ಹತ್ತಿ ಸೀಲಿಂಗಿನ ಮುಚ್ಚಳ ತೆಗೆದೆ. ಟ್ರೇಯ ತುಂಬ ನೀರು, ನೀರಿನಲ್ಲಿ ಹಸಿರು ಲೋಳೆ. ಪೈಪಿಗೆ ಹಾಕಲು ಉದ್ದನೆಯದು ಏನಾದರೂ ಬೇಕಿತ್ತು. ಮೂಲೆಯಲ್ಲಿ ಹಿಡಿಸೂಡಿ ಕಂಡಿತು. ಅಪ್ಪಟ ತೆಂಗಿನ ಕಡ್ಡಿಯ ಪೊರಕೆ, ಶೋಭಾ ಉಡುಪಿಯಿಂದ ಸೀರೆಯಲ್ಲಿ ಸುತ್ತಿ ವಿಮಾನದಲ್ಲಿ ತಂದದ್ದು. ಒಂದು ಕಡ್ಡಿ ಎಳೆದು ಪೈಪಿನೊಳಗೆ ತೂರಿಸಿದೆ. ಅದು ಒಳಗೇ ಮುರಿಯಿತು. ಅದನ್ನು ತೆಗೆಯಲು ಇನ್ನೊಂದು ಹಾಕಿದೆ. ಅದೂ ಮುರಿಯಿತು. ಇವೆರಡನ್ನು ತೆಗೆಯಲು ಮೂರನೆಯದು. ಸ್ವಲ್ಪ ಹೊತ್ತಿನಲ್ಲಿ ಹಿಡಿಸೂಡಿ ಕೈಯಲ್ಲಿ ಸಡಿಲವಾಗಿತ್ತು, ಪೈಪು ಭದ್ರವಾಗಿತ್ತು.

ಆಗ ಪಕ್ಕದ ಫ್ಲ್ಯಾಟಿನ ಹಮೀದಾಕನ, ಅಂದರೆ ಹಮೀದಣ್ಣನ, ನೆನಪಾಯಿತು. ಬಂಟ್ವಾಳದ ಕಡೆಯವರು, ಕೆಳಗೆ ಕೆಫೆಟೇರಿಯಾ ನಡೆಸುತ್ತಾರೆ. ನೀರನ್ನೂ ಎಳೆಯುವ ದೊಡ್ಡ ವ್ಯಾಕ್ಯೂಮ್ ಮೆಷಿನ್ ಅವರಲ್ಲಿತ್ತು, ಹೋಗಿ ಕೇಳಿದೆ. ಅದರಲ್ಲಿ ಎರಡು ತೂತು. ಒಂದು ಎಳೆಯುತ್ತದೆ, ಇನ್ನೊಂದು ಊದುತ್ತದೆ.

“ಎಳೀಬೇಕು ಶೆಟ್ರೇ, ಊದ್ಲಿಕ್ಕಿಲ್ಲ ಆಯ್ತಾ” ಎಂದರು ಹಮೀದಾಕ ಮೆಷಿನ್ ಕೊಡುತ್ತ. “ಬಾಲ್ಕನಿಯಲ್ಲಿ ಪೈಪಿನ ಕೊನೆ ಉಂಟಲ್ಲ, ಅಲ್ಲಿಂದ ಎಳೀರಿ.”

ಅವರು ಮಾರುವುದು ಚಹಾ, ನಾನು ಮಾರುವುದು ಪೈಪು. ಯಾರ ಮಾತು ಕೇಳಬೇಕು ಎಂಬ ಬಗ್ಗೆ ನನಗೆ ಗೊಂದಲವೇ ಇರಲಿಲ್ಲ.

ಅಷ್ಟರಲ್ಲಿ ಹನ್ನೊಂದಾಗಿ ಇಂಟರ್‌ವ್ಯೂ ಶುರುವಾಗಿತ್ತು. ಏಣಿ ಇಟ್ಟದ್ದರಿಂದ ಬಾತ್‌ರೂಮಿನ ಬಾಗಿಲು ಮುಚ್ಚುತ್ತಿರಲಿಲ್ಲ. ಮೇಲಿನಿಂದ ನೋಡಿದೆ. ಶೋಭಾಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು, ಅವಳು ಟಿಶ್ಯೂನಿಂದ ಒರೆಸಿಕೊಳ್ಳುತ್ತ ನಗುತ್ತ ಉತ್ತರಿಸುತ್ತಿದ್ದಳು. ಒಂದೇ ಸಲ ಊದಿದರೆ ಪೈಪು ಬಿಡುತ್ತದೆ, ಎಸಿ ಹಾಕಬಹುದು, ಅವಳಿಗೆ ತಂಪಾಗುತ್ತದೆ. ಮೆಷಿನಿನ ಊದುವ ಕೊಳವೆಯನ್ನು ಟ್ರೇಯ ಪೈಪಿಗೆ ಹಿಡಿದು ಸ್ವಿಚ್ ಒತ್ತಿದೆ.

ಗಾಳಿಗೆ ಮುಂದೆ ಹೋಗಲು ದಾರಿಯಿರಲಿಲ್ಲ, ನಾನೇ ಕಡ್ಡಿಗಳಿಂದ ಬಂದೋಬಸ್ತ್ ಮಾಡಿದ್ದೆ. ಅದು ಹಿಂದಕ್ಕೆ ಬಂತು. ಟ್ರೇಯ ನೀರು, ಲೋಳೆ ಎಲ್ಲವೂ ನನ್ನ ಮುಖಕ್ಕೆ ಬಂದವು. ನೆನೆದಿದ್ದ ಸೀಲಿಂಗಿನ ಒಂದು ತುಂಡು ಧಡಾರನೆ ನೆಲಕ್ಕೆ ಬಿತ್ತು. ಅದರ ಹಿಂದೆಯೇ ನಾನೂ ಇಳಿದೆ. ಬಿದ್ದೆ ಎನ್ನುವವರೂ ಇದ್ದಾರೆ.

ಲ್ಯಾಪ್‌ಟಾಪಿನಲ್ಲಿದ್ದ ಮೇಡಂ ಇಂಗ್ಲಿಷಿನಲ್ಲಿ ಕೇಳಿದರು, “ಅಲ್ಲಿ ಏನಾಯಿತು?”

ಶೋಭಾ ತಿರುಗಿಯೂ ನೋಡಲಿಲ್ಲ. “ನನ್ನ ಗಂಡ. ಸಹಾಯ ಮಾಡುತ್ತಿದ್ದಾರೆ” ಎಂದಳು.

ಎಲ್ಲ ಮುಗಿಯಿತು ಎಂದುಕೊಂಡೆ. ಎರಡು ವರ್ಷದ ಅವಳ ಕಾಯುವಿಕೆಗೆ ನಾನೇ ನೀರು ಬಿಟ್ಟೆನಲ್ಲ ಎಂದು ಮುಖದ ಲೋಳೆ ಒರೆಸಿಕೊಂಡೆ. ಆಗ ಮೇಡಂ ಮುಂದಿನ ಪ್ರಶ್ನೆ ಕೇಳಿದರು. “ತಪ್ಪು ತನ್ನದೇ ಆದರೂ ಒಪ್ಪದ, ಯಾರ ಮಾತೂ ಕೇಳದ ಗ್ರಾಹಕ ಬಂದರೆ ಹೇಗೆ ನಿಭಾಯಿಸುತ್ತೀರಿ?”

ಶೋಭಾ ಲ್ಯಾಪ್‌ಟಾಪನ್ನು ನಿಧಾನವಾಗಿ ನನ್ನ ಕಡೆ ತಿರುಗಿಸಿದಳು.

“ಬೈಯುವುದಿಲ್ಲ” ಎಂದಳು ಅವರಿಗೆ. “ಒಳ್ಳೆಯದು ಮಾಡುತ್ತಿದ್ದೇನೆಂದೇ ಅವರು ನಂಬಿರುತ್ತಾರೆ. ಹಾಳು ಮಾಡಲು ಸಾಧ್ಯವೇ ಇಲ್ಲದ ಒಂದು ಸಣ್ಣ ಕೆಲಸ ಕೊಡುತ್ತೇನೆ.” ಆಮೇಲೆ ನನಗೆ ಕನ್ನಡದಲ್ಲಿ, ಸಕ್ಕರೆಯಂಥ ದನಿಯಲ್ಲಿ, “ಇವ್ರೇ, ಆ ಟವೆಲ್ ಹಿಡ್ಕೊಂಡು ಅಲ್ಲೇ ನಿಂತಿರ್ತೀರಾ? ದೊಡ್ಡ ಉಪಕಾರ ಆಗ್ತದೆ” ಎಂದಳು.

ನಿಂತೆ. ಇಪ್ಪತ್ತು ನಿಮಿಷ. ಬಹಳ ಮುಖ್ಯವಾದ ಕೆಲಸವೆಂದೇ ತಿಳಿದಿದ್ದೆ.

ಹನ್ನೆರಡೂವರೆಗೆ ಪ್ಲಂಬರ್ ಬಂದ. ಹಮೀದಾಕನ ಮೆಷಿನನ್ನೇ ಬಾಲ್ಕನಿಯ ಕೊನೆಗೆ ಹಿಡಿದು ಎಳೆದ. ನಾಲ್ಕು ನಿಮಿಷದಲ್ಲಿ ಖಲಾಸ್. ಹನ್ನೊಂದು ಕಡ್ಡಿಗಳನ್ನು ಸಾಲಾಗಿ ಜೋಡಿಸಿ, ಕಸ ಸ್ವಲ್ಪವೇ ಇತ್ತು, ಪೊರಕೆಯೇ ಜಾಸ್ತಿ ಎಂದು ಹಿಂದಿಯಲ್ಲಿ ಹೇಳಿದ. ಹಿಂದೆ ಬಾಡಿಗೆಗಿದ್ದವರ ಕೆಲಸವಿರಬೇಕು ಎಂದೆ.

“ಅವ್ರಿನ್ನೂ ಖಾಲಿ ಮಾಡ್ಲಿಲ್ಲ” ಎಂದಳು ಶೋಭಾ.

ಬುಧವಾರ ಫೋನ್ ಬಂತು. ಶೋಭಾಳಿಗೆ ಕೆಲಸ ಸಿಕ್ಕಿತು. ಇಷ್ಟು ಸ್ಪಷ್ಟವಾದ ಉದಾಹರಣೆ ಕೊಟ್ಟು ಉತ್ತರಿಸಿದವರು ಇನ್ನೊಬ್ಬರಿರಲಿಲ್ಲ ಎಂದರಂತೆ. ಅವಳು ಫೋನ್ ಎದೆಗೊತ್ತಿಕೊಂಡು ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು.

ಸಂಜೆ ಹಮೀದಾಕ ಮಿಠಾಯಿ ತಿನ್ನಲು ಬಂದಾಗ ಎದೆಯುಬ್ಬಿಸಿ ಹೇಳಿದೆ, “ನೋಡಿ ಹಮೀದಾಕ, ಇವಳಿಗೆ ಈ ಕೆಲಸ ಸಿಕ್ಕಿದ್ದು ನನ್ನಿಂದಲೇ.”

“ಹೌದು” ಎಂದಳು ಶೋಭಾ.

ಮದುವೆಯಾದಂದಿನಿಂದ ನನ್ನ ಮಾತೊಂದನ್ನು ಅವಳು ತಕರಾರಿಲ್ಲದೆ ಒಪ್ಪಿದ್ದು ಅದೇ ಮೊದಲು.