ಕಾರವಾರಕ್ಕೆ ಹೊರಟ ಗಾಲಿಮನೆ

ಗುರಲಿಂಗಪ್ಪನ ಗಾಲಿಮನೆಯ ಎಡಗಡೆ ಟೈರಿನಲ್ಲಿ ಒಂದು ಬಿರುಕು ಬಿಟ್ಟಿತ್ತು. ಮೊದಲು ಕಂಡವನು ಪಕ್ಕದ ಮನೆಯ ಸಂಗಣ್ಣ. ಹಾಗಾಗಿ ಹತ್ತು ನಿಮಿಷದಲ್ಲಿ ಅದು ವಿಜಯಪುರದ ಇಡೀ ಜೋರಾಪುರ ಪೇಟೆಗೆ ಕಂಡಿತು.

ಗಾಲಿಮನೆ ಎಂದರೆ ಜೀಪಿನ ಹಿಂದೆ ಕಟ್ಟಿ ಎಳೆಯುವ ಪ್ರವಾಸದ ಟ್ರೇಲರ್. ಒಳಗೆ ಮಂಚ, ಒಲೆ, ನೀರಿನ ಟಾಕಿ. ತಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಮೂವತ್ತು ವರ್ಷ ಊರ ಮಂದಿಯನ್ನೆಲ್ಲ ಬಸ್ಸು ಹತ್ತಿಸಿ ಕಳಿಸಿ, ತಾನು ಎಲ್ಲಿಗೂ ಹೋಗದ ಗುರಲಿಂಗಪ್ಪ ನಿವೃತ್ತನಾದ ಮೇಲೆ ಅದನ್ನು ಕೊಂಡಿದ್ದ. ಹೆಂಡತಿ ಅಕ್ಕನಾಗಮ್ಮನಿಗೆ ಸಮುದ್ರ ನೋಡುವ ಆಸೆ. ಆದರೆ ಕುಳಿತು ಪ್ರಯಾಣ ಮಾಡಿದರೆ ತವರೂರು ಬಬಲೇಶ್ವರ ಮುಟ್ಟುವುದರೊಳಗೇ ವಾಂತಿ. ಮಲಗಿದರೆ ಏನೂ ಆಗುತ್ತಿರಲಿಲ್ಲ. ಮಲಗಿಸಿಯೇ ಕಾರವಾರಕ್ಕೆ ಒಯ್ಯುತ್ತೇನೆಂದು ಗಂಡ ಮಾತು ಕೊಟ್ಟಿದ್ದ. ಮರುದಿನ ನಸುಕಿನಲ್ಲಿ ಹೊರಡುವುದಿತ್ತು.

“ಕಾಕಾ, ಈ ಟೈರ್ ಕಾರವಾರ ಅಲ್ಲ, ಕೊಲ್ಹಾರನೂ ಮುಟ್ಟೂದಿಲ್ಲ,” ಎಂದ ಸಂಗಣ್ಣ, ಸಾವಿನ ಸುದ್ದಿ ಹೇಳುವವನ ಮುಖ ಮಾಡಿ.

ಒಳಗಿದ್ದ ಅಕ್ಕನಾಗಮ್ಮನಿಗೂ ಮಾತು ಕೇಳಿಸಿತು. ಬುತ್ತಿಗೆ ಬಡಿಯುತ್ತಿದ್ದ ರೊಟ್ಟಿಯ ಸದ್ದು ನಿಂತಿತು. ಅದು ಗುರಲಿಂಗಪ್ಪನ ಎದೆಗೆ ನಾಟಿತು.

ಬಬಲೇಶ್ವರದ ಅಳಿಯ ಸಂಗನಬಸವ ಫೋನಿನಲ್ಲಿ ಧೈರ್ಯ ಹೇಳಿದ. “ಮಾಮಾ, ನನ್ನ ಹಳೇ ಕಾರಿನ ಟೈರ್ ಎರಡ ಅದಾವು. ಬಂದ ಒಯ್ರಿ.” ಗುರಲಿಂಗಪ್ಪ ಜೀಪು ಹತ್ತಿದ. ಕರೆಯದಿದ್ದರೂ ಸಂಗಣ್ಣ ಹತ್ತಿದ.

ಬಬಲೇಶ್ವರದಲ್ಲಿ ಮೇವಿನ ಬಣವೆಯ ಹಿಂದಿನಿಂದ ಟೈರು ಉರುಳಿಸುತ್ತ ಬಂದ ಸಂಗನಬಸವ, “ಹಲ್ಲ ನೋಡ್ರಿ, ಒಂದೂ ಸವದಿಲ್ಲ,” ಎಂದ. ನಿಜವೇ, ಅಚ್ಚುಗಳು ಹೊಸದರಂತೆ ಎದ್ದು ನಿಂತಿದ್ದವು.

ವಿಜಯಪುರದ ಟೈರಿನ ಅಂಗಡಿಗೆ ಬಂದಾಗ ಮಧ್ಯಾಹ್ನ. ಯಜಮಾನ ದಾದಾಸಾಬ ಊಟಕ್ಕೆ ಹೋಗಿದ್ದ. ಅವನು ಬರುವವರೆಗೆ ಕಾಯುವ ತಾಳ್ಮೆ ಸಂಗಣ್ಣನಿಗೆ ಇರಲಿಲ್ಲ. ಒಂದು ಟೈರನ್ನು ಅಲ್ಲಿದ್ದ ಚಕ್ರವೊಂದಕ್ಕೆ ಏರಿಸಿ ತಾನೇ ಗಾಳಿ ತುಂಬತೊಡಗಿದ. “ಸಾಕ ಬಿಡೋ,” ಎಂದು ಗುರಲಿಂಗಪ್ಪ ಅಂದರೂ ಕೇಳದೆ, “ಇನ್ನೊಂದೀಟ, ಕಾಕಾ, ದೂರದ ಹಾದಿ,” ಎಂದ. ಢಮಾರ್! ಟೈರು ಸಿಡಿದು ಅಂಗಡಿಯ ಧೂಳೆಲ್ಲ ಎದ್ದು ಗುರಲಿಂಗಪ್ಪನ ಮೇಲೆ ಕುಳಿತಿತು. ಬಿಳಿ ಅಂಗಿ ತೊಟ್ಟು ಬಂದವನು ಇದ್ದಿಲ ಗೋಣಿಯಂತೆ ನಿಂತಿದ್ದ. ಇಬ್ಬರಿಗೂ ಪೆಟ್ಟಾಗದಿದ್ದುದೇ ಪುಣ್ಯ.

ಓಡಿ ಬಂದ ದಾದಾಸಾಬ ಉಳಿದ ಟೈರನ್ನು ತಿರುಗಿಸಿ ನೋಡಿದ. “ಕಂಟ್ರೋಲರ್ ಸಾಹೇಬ್ರ, ಎತ್ತಿನ ವಯಸ್ಸು ಹಲ್ಲಿನ್ಯಾಗ, ಟೈರಿನ ವಯಸ್ಸು ಪಕ್ಕದ ಮೈ ಮ್ಯಾಲ. ಈ ನಾಕ ಅಂಕಿ ನೋಡ್ರಿ. ಹದಿಮೂರನೇ ಇಸವಿ, ಹದಿನೆಂಟನೇ ವಾರದಾಗ ಹುಟ್ಟೇದ. ಮುದುಕಾಗೇದ ಇದು. ಅದರ ಮ್ಯಾಲ ಇದು ಕಾರಿಂದು. ಮನಿ ಹೊರಾಕ ಆಗೂದಿಲ್ಲ.”

ಸಂಗಣ್ಣ ಸುಮ್ಮನಾಗಲಿಲ್ಲ. ಗೋಡೆಗೆ ತೂಗುಹಾಕಿದ್ದ ಹೊಳೆಯುವ ಚಕ್ರಗಳನ್ನು ತೋರಿಸಿದ. “ಇವನ್ನ ಹಾಕ್ರಿ. ಲಗ್ನದ ಗಾಡಿ ಕಂಡಂಗ ಕಾಣತೈತಿ.”

“ಮಿಂಚೂದು ಬ್ಯಾರೆ, ಹೊರೂದು ಬ್ಯಾರೆ,” ಎಂದ ದಾದಾಸಾಬ. “ಟೈರ್ ತಡದ್ರ ಸಾಲದು, ಚಕ್ರನೂ ತಡೀಬೇಕು. ತುಂಬಿದ ತೂಕ ಎಷ್ಟ ಆಗತೈತಿ?”

ಗುರಲಿಂಗಪ್ಪ ನೀರು, ಗ್ಯಾಸು, ಗಾದಿ, ರೊಟ್ಟಿಯ ಬುಟ್ಟಿ, ಹಿಟ್ಟು, ಪಾತ್ರೆ ಎಲ್ಲ ಬರೆಸಿದ. ಮನೆಯಿಂದ ಗಾಲಿಮನೆಯನ್ನು ಮೆಲ್ಲಗೆ ಎಳೆದು ತಂದು ತೂಕದ ಕಾಟಾದ ಮೇಲೂ ನಿಲ್ಲಿಸಿದ್ದಾಯಿತು. ಆ ಭಾರಕ್ಕಿಂತ ಹೆಚ್ಚು ಹೊರುವ ಟ್ರೇಲರ್ ಟೈರು, ಗಟ್ಟಿ ಉಕ್ಕಿನ ಚಕ್ರ, ಅಂಥದೇ ಒಂದು ಹೆಚ್ಚಿನ ಗಾಲಿ. ಎಲ್ಲ ಕೂಡಿಸಿ ನಟ್ಟು ಬಿಗಿಯುವುದರೊಳಗೆ ಹೊತ್ತು ಇಳಿದಿತ್ತು. ಗುರಲಿಂಗಪ್ಪ ಟೈರಿನ ಮೇಲೆ ಕೈಯಾಡಿಸಿದ. ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಯಿತು.

“ಸಾಹೇಬ, ತೂಕದಾಗ ಒಂದ ಬರಸೂದ ಮರತಿದ್ದೆ. ಅರವತ್ತೆರಡ ಕೇಜಿ ಹೆಚ್ಚಾದ್ರ ನಡೀತೈತಲ್ಲ?”

“ನಡೀತೈತ್ರಿ. ಏನದು?”

“ನಮ್ಮಾಕಿ. ಒಳಗ ಮಲಕೊಂಡ ಬರ್ತಾಳ.”

ದಾದಾಸಾಬ ನಟ್ಟು ಬಿಗಿದ ಪಾನಾ ಕೆಳಗಿಟ್ಟ. “ಓಡೂ ಟ್ರೇಲರ್‌ನ್ಯಾಗ ಮನಷ್ಯಾರ್ನ ಕೂಡಿಸಬಾರದ್ರಿ. ಎಂಥಾ ಟೈರ್ ಇದ್ರೂ ಅಷ್ಟ. ಕಾಯ್ದೆನೂ ಬಿಡೂದಿಲ್ಲ. ನಿಂತ ಮ್ಯಾಲ ಮಲಗಸ್ರಿ.”

ಮನೆಗೆ ಬಂದ ಗುರಲಿಂಗಪ್ಪ ಕಟ್ಟೆಯ ಮೇಲೆ ಕುಸಿದು, ಹೆಂಡತಿಯ ಮುಖ ನೋಡಲಾರದೆ ನೆಲ ನೋಡುತ್ತ ಎಲ್ಲ ಹೇಳಿದ. ಅಕ್ಕನಾಗಮ್ಮ ಸೆರಗಿನಿಂದ ಅವನ ಹಣೆಯ ಮಸಿ ಒರೆಸಿದಳು. ಆಗ ಸಂಗಣ್ಣನ ಹೆಂಡತಿ ಸೌಭಾಗ್ಯ ಬಾಯಿ ಹಾಕಿದಳು.

“ಅತ್ತೀ, ಮಲಕೊಂಡ ಹೋಗೂದಾದ್ರ ರೈಲ ಐತಲ್ಲ? ನಡುವ ಗಾಡಿ ಬದಲಿಸಿದ್ರ ಆತು. ಮೂರೂ ಮಂದಿ ಇವತ್ತ ರಾತ್ರೀನ ಹೋಗೂಣು.”

ಮೂವತ್ತು ವರ್ಷ ಬಸ್ಸಿನ ಉಪ್ಪು ತಿಂದವನಿಗೆ ರೈಲು ಎಂಬುದು ತಲೆಗೆ ಹೊಳೆದೇ ಇರಲಿಲ್ಲ.

“ಮೂರ ಮಂದಿ ಅಂದ್ರ?” ಎಂದ ಮೆಲ್ಲಗೆ.

“ನಾನು, ಅತ್ತಿ, ನಮ್ಮನಿಯವರು. ಅಲ್ಲಿ ಉಳಕೊಳ್ಳಾಕ ಮನಿ ಬೇಕಲ್ಲ, ಅದನ್ನ ನೀವ ತರ್ರಿ.”

ಮರುದಿನ ಸಂಜೆ, ಯಲ್ಲಾಪುರ ದಾಟಿ ಘಟ್ಟ ಇಳಿಯುವ ದಾರಿಯ ಅಂಚಿನಲ್ಲಿ ಗಾಲಿಮನೆ ನಿಂತಿತ್ತು. ಗುರಲಿಂಗಪ್ಪ ಕಲ್ಲೊಂದರ ಮೇಲೆ ಕುಳಿತಿದ್ದ. ಫೋನು ಬಂತು.

“ರೀ, ಸಮುದ್ರದಾಗ ಕಾಲಿಟ್ಟ ನಿಂತೀನಿ,” ಎಂದಳು ಅಕ್ಕನಾಗಮ್ಮ. ಹಿಂದೆ ಅಲೆಯ ಸದ್ದು ಕೇಳುತ್ತಿತ್ತು. “ಎಷ್ಟ ನೋಡಿದ್ರೂ ಮುಗ್ಯೂದಿಲ್ರಿ ಇದು.”

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. “ಹೊಟ್ಟಿ ತೊಳಸಲಿಲ್ಲಲ್ಲ?”

“ಒಂದೀಟೂ ಇಲ್ಲ. ನೀವು ಹ್ಯಾಂಗದೀರಿ?”

ಘಟ್ಟದ ಮೊದಲ ಆರು ತಿರುವುಗಳಲ್ಲೇ ಅವನು ತಿಂದ ಎರಡೂ ರೊಟ್ಟಿ ಹೊರಬಂದಿದ್ದವು. ಕೆಳಗೆ ಇನ್ನೂ ಎಷ್ಟು ತಿರುವುಗಳಿವೆಯೋ ಯಾರಿಗೆ ಗೊತ್ತು. ಗುರಲಿಂಗಪ್ಪ ಬಾಯಿ ಒರೆಸಿಕೊಂಡು ಗಾಲಿಯತ್ತ ನೋಡಿದ.

“ಟೈರ್ ಭಾಳ ಗಟ್ಟಿ ಅದಾವು,” ಎಂದ.