ಗದ್ದ ಸ್ವಲ್ಪ ಕೆಳಗೆ, ಸಿಂಹರಾಯರೇ!

"ಈ ಸ್ಟುಡಿಯೊದ ಗಾಜಿನಲ್ಲಿ ಇನ್ನು ಮುಂದೆ ಸಿಂಹವೇ ಕೂರೋದು!" ಎಂದು ಫೋಟೋಗ್ರಾಫರು ಎದೆ ಉಬ್ಬಿಸಿ ಘೋಷಿಸಿದರು. "ನಿನ್ನ ತಮ್ಮನ ಆ ಬಡಕಲು ಜಿಂಕೆ ಅಲ್ಲ!"

ಹೆಂಡತಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

ಆಗಿದ್ದಿಷ್ಟೇ. ಬಾಮೈದ ರಜೆಯಲ್ಲಿ ಒಂದು ಜಿಂಕೆಯ ಫೋಟೋ ತೆಗೆದು, ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿಕೊಂಡು ಬಂದಿದ್ದ. "ಭಾವ, ಇದನ್ನ ಅಂಗಡಿ ಮುಂದಿನ ಗಾಜಿಗೆ ಹಾಕಿ. ನಾಲ್ಕು ಜನ ತಿರುಗಿ ನೋಡ್ತಾರೆ" ಅಂದಿದ್ದ. ಊರಿನ ಮುಖಗಳನ್ನೆಲ್ಲ ಪಾಸ್‌ಪೋರ್ಟ್ ಅಳತೆಗೆ ಇಳಿಸಿದ ಮಹಾನುಭಾವರಿಗೆ ಇದು ಸಹಿಸುವ ಮಾತೇ? "ಭಾನುವಾರ ಸಫಾರಿಗೆ ಹೋಗಿ ಸಿಂಹ ತರ್ತೀನಿ. ತರದಿದ್ರೆ ನಿನ್ನ ಜಿಂಕೆಗೇ ಜಾಗ!" ಎಂದು ಮಾತು ಕೊಟ್ಟುಬಿಟ್ಟರು.

ಭಾನುವಾರ ಸಫಾರಿ ಬಸ್ಸಿನ ಕಿಟಕಿ ಪಕ್ಕದ ಸೀಟು ಅವರದೇ, ಅದರ ಪಕ್ಕದ್ದು ಹೆಂಡತಿಯದು. ಮೊದಲು ಬಂದದ್ದು ಜಿರಾಫೆ. ಬಸ್ಸಿಡೀ ಮೊಬೈಲ್ ಎತ್ತಿತು. ಇವರು ಮಾತ್ರ ಮೂಗು ಮುರಿದರು.

"ಪಕ್ಕಕ್ಕೆ ತಿರುಗಿದೆ. ಒಂದೇ ಕಿವಿ ಕಾಣ್ತಿದೆ. ಇಂಥದ್ದನ್ನ ಯಾವ ಆಫೀಸಲ್ಲೂ ತಗೊಳ್ಳಲ್ಲ."

ಕರಡಿ ಎರಡು ಕಾಲಿನ ಮೇಲೆ ಎದ್ದು ನಿಂತಿತು. "ಇಡೀ ಮೈ ಯಾರಿಗೆ ಬೇಕು? ಭುಜದವರೆಗೆ ಸಾಕು!"

ಕೊನೆಗೆ ಬಂತು ಸಿಂಹ! ಬಂಡೆಯ ಮೇಲೆ ನಿಂತು, ಕೇಸರ ಕೆದರಿ, ದಿಕ್ಕು ನಡುಗುವಂತೆ ಗರ್ಜಿಸಿತು. ಫೋಟೋಗ್ರಾಫರು ಕ್ಯಾಮೆರಾ ಕೆಳಗಿಳಿಸಿದರು.

"ರೀ, ತೆಗೀರಿ!"

"ಬಾಯಿ ತೆರೆದಿದೆಯಲ್ಲೇ!"

"ಅದು ಗರ್ಜಿಸ್ತಿದೆ ರೀ!"

"ಗರ್ಜನೆ ಮುಗಿಸಿ, ಕೂದಲು ಸರಿ ಮಾಡ್ಕೊಂಡು ಬರಲಿ. ನನಗೇನು ಅವಸರ?"

ಸಿಂಹಕ್ಕೆ ಇವರಿಗಾಗಿ ಕಾಯುವ ಪುರುಸೊತ್ತಿರಲಿಲ್ಲ. ಬಂಡೆ ಇಳಿದು ಪೊದೆಯ ಹಿಂದೆ ಹೋಯಿತು. ಡ್ರೈವರ್ ಬಸ್ಸು ಹೊರಡಿಸಲು ನೋಡಿದ. ಫೋಟೋಗ್ರಾಫರ ಕಣ್ಣ ಮುಂದೆ ಜಿಂಕೆ ಕುಣಿಯಿತು. "ಒಂದೇ ನಿಮಿಷ ಕಣಪ್ಪಾ!" ಎಂದು ಅಂಗಲಾಚಿ, ಚೀಲದಿಂದ ಬ್ರಹ್ಮಾಸ್ತ್ರ ತೆಗೆದರು. ಸ್ಟುಡಿಯೊದಲ್ಲಿ ಅಳುವ ಮಕ್ಕಳನ್ನು ಈ ಕಡೆ ತಿರುಗಿಸುವ ಗಿಲಕಿ!

ಗಿಲ್ ಗಿಲ್ ಗಿಲ್!

ಸಿಂಹ ಬಂತು. ಕಾವಲು ಕೊಠಡಿಯ ಸುಣ್ಣ ಬಳಿದ ಗೋಡೆಯ ಮುಂದೆ ಕೂತು, ಗಿಲಕಿಯನ್ನೇ ದಿಟ್ಟಿಸಿತು. ಬಿಳಿ ಹಿನ್ನೆಲೆ! ಎರಡೂ ಕಿವಿ! ಬಸ್ಸಿನವರೆಲ್ಲ ಉಸಿರು ಬಿಗಿಹಿಡಿದರು.

"ಗದ್ದ ಸ್ವಲ್ಪ ಕೆಳಗೆ... ಹಾಂ, ನಗಬಾರದು..."

"ಸಾರ್, ಅದು ನಗ್ತಿಲ್ಲ. ನಿಮ್ಮ ಅಳತೆ ನೋಡ್ತಿದೆ!" ಎಂದು ಡ್ರೈವರ್ ಕಿರುಚಿದ.

ಕ್ಲಿಕ್! ಗೆದ್ದೆ ಎಂದು ಫೋಟೋಗ್ರಾಫರು ಸೀಟಿನಲ್ಲೇ ಕುಣಿದರು.

ಆ ವಾರವೇ ಆಳೆತ್ತರದ ಸಿಂಹ ಗಾಜಿನಲ್ಲಿ ಕೂತಿತು. ಗಿರಾಕಿಗಳು ಗುಂಪುಗೂಡಿದರು. ಬಾಮೈದ ಜಿಂಕೆಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದ. ಫೋಟೋದಲ್ಲಿ ಸಿಂಹದ ಕೇಸರವೆಲ್ಲ ತಲೆಗೆ ಅಂಟಿತ್ತು, ಕಣ್ಣಲ್ಲಿ ಜೀವವಿರಲಿಲ್ಲ. ಬೆಳಗಿನಿಂದ ಸಾಲಿನಲ್ಲಿ ನಿಂತು, ಕೌಂಟರ್ ತಲುಪುವಷ್ಟರಲ್ಲಿ ಊಟದ ಬಿಡುವು ಎಂದು ಕೇಳಿಸಿಕೊಂಡವರ ಮುಖ ಅದು.

"ಭಾವ, ಇದು ಯಾವ ಕೆಲಸಕ್ಕೆ ಅರ್ಜಿ ಹಾಕಿದೆ?" ಎಂದ ಬಾಮೈದ.

"ಹೊಟ್ಟೆಕಿಚ್ಚು!" ಎಂದು ಫೋಟೋಗ್ರಾಫರು ಹೆಂಡತಿಯ ಕಡೆ ತಿರುಗಿದರು. "ನೀನು ಹೇಳೇ, ಹೇಗಿದೆ?"

ಅವಳು ಸಿಂಹವನ್ನೇ ನೋಡುತ್ತ ನಿಂತಿದ್ದಳು. ಕಣ್ಣು ತುಂಬಿತ್ತು. ಮೆಚ್ಚುಗೆಯ ಕಣ್ಣೀರೇ ಇರಬೇಕೆಂದು ಇವರು ಬೀಗಿದರು.

"ಎಷ್ಟು ಸಮಾಧಾನ ಆಯ್ತು ರೀ!" ಎಂದಳು ಅವಳು. "ಮದುವೆಯಾದಾಗಿಂದ ನೀವು ತೆಗೆದ ನನ್ನ ಫೋಟೋ ನೋಡಿ ನೋಡಿ, ನನ್ನ ಮುಖವೇ ಹೀಗೆ ಅಂತ ಕೊರಗ್ತಿದ್ದೆ. ನಿಮ್ಮ ಕೈಗೆ ಸಿಕ್ಕಿದ್ರೆ ಸಿಂಹಕ್ಕೂ ಇದೇ ಗತಿ!"

ಗಾಜಿನ ಮುಂದಿದ್ದ ಗಿರಾಕಿಗಳೆಲ್ಲ ತಮ್ಮ ತಮ್ಮ ಕೆನ್ನೆ ಸವರಿಕೊಂಡು, "ಹೌದಲ್ವಾ!" ಎಂದರು.

ಫೋಟೋಗ್ರಾಫರು ಬಾಮೈದನ ಮುಖ ನೋಡಲಿಲ್ಲ. ಕೈ ಮಾತ್ರ ಮುಂದೆ ಚಾಚಿದರು.

"ಕೊಡಯ್ಯ, ಆ ಜಿಂಕೆ."